ಮುಕರ್ರಮಳ ಅರ್ಧ

ತಾಷ್ಕೆಂಟ್
1992ರ ನವೆಂಬರ್ 3

ಹುಲ್ಕರ್,

ನಿನ್ನ ಮೂರು ಕಾಗದಗಳೂ ಒಟ್ಟಿಗೇ ಬಂದವು. ಮೊದಲನೆಯದರಲ್ಲಿ ಬೆಟ್ಟದ ಮೇಲೆ ಗಾಳಿ. ಎರಡನೆಯದರಲ್ಲಿ ಗಾಳಿ ನಿಂತಿದೆ. ಮೂರನೆಯದರಲ್ಲಿ ಮತ್ತೆ ಗಾಳಿ. ಹವಾಮಾನ ಕೇಳಬೇಕೆಂದರೆ ನನ್ನ ಹತ್ತಿರ ರೇಡಿಯೋ ಇದೆಯಮ್ಮ. ನಾನು ಕೇಳಿದ್ದು ಬೇರೆ. ನನ್ನ ಅರ್ಧ ಎಲ್ಲಿಗೆ ಬಂತು?

ನಿನ್ನ ಮಗಳು ನಿನಗಿಂತ ವಾಸಿ, ನೇರವಾಗಿ ಕೇಳುತ್ತಾಳೆ. ನಿನ್ನೆ ಚಹಾ ಕುಡಿಯುವಾಗ ಶುರುಮಾಡಿದಳು. "ಅಜ್ಜೀ, ಅಮ್ಮ ಬೆಟ್ಟದ ಮೇಲೆ ಏನ್ಮಾಡ್ತಾಳೆ?" ನಾನು ತಟ್ಟೆಯಲ್ಲಿದ್ದ ರೊಟ್ಟಿ ಎತ್ತಿ ತೋರಿಸಿದೆ. "ನೋಡು ಬಿನಫ್ಶಾ, ನಮ್ಮ ಗ್ಯಾಲಕ್ಸಿ ಹೀಗೆ ಚಪ್ಪಟೆ. ನಕ್ಷತ್ರಗಳು ಇದರೊಳಗೆ ಸುಮ್ನೆ ಕೂರಲ್ಲ. ಮೇಲಕ್ಕೆ ಹಾರ್ತವೆ, ಮತ್ತೆ ಕೆಳಕ್ಕೆ ಬೀಳ್ತವೆ. ಎಷ್ಟು ಜೋರಾಗಿ ಹಾರ್ತವೆ, ಎಷ್ಟು ದೂರ ಹೋಗಿ ವಾಪಸ್ ಬರ್ತವೆ ಅಂತ ನೋಡಿದ್ರೆ ಅವನ್ನ ಹಿಡ್ಕೊಂಡಿರೋ ರೊಟ್ಟಿ ಎಷ್ಟು ಭಾರ ಅಂತ ಗೊತ್ತಾಗತ್ತೆ."

"ತಕ್ಕಡಿ ಬೇಡ್ವಾ?"

"ಬೇಡ. ಅಷ್ಟು ದೊಡ್ಡದು ಎಲ್ಲಿ ಸಿಗತ್ತೆ? ಅಮ್ಮ ಹಾಗೇ ತೂಗ್ತಿದಾಳೆ. ಮೊದ್ಲು ನಾನು ತೂಗಿದ್ದೆ. ಕಣ್ಣಿಗೆ ಕಾಣೋ ನಕ್ಷತ್ರ, ಧೂಳು, ಎಲ್ಲಾ ಕೂಡಿದ್ರೂ ಅರ್ಧಾನೇ ಆಯ್ತು. ಉಳಿದರ್ಧ ಕಾಣಲ್ಲ. ಅದನ್ನ ಕಂಡುಹಿಡಿದವಳು ನಿನ್ನಜ್ಜಿ."

"ಕಾಣದೇ ಇರೋದನ್ನ ಕಂಡುಹಿಡಿದ್ಯಾ?" ಎಂದು ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ ನಕ್ಕಳು. 1969ರಲ್ಲಿ ಮಾಸ್ಕೋದ ಸಭೆಯಲ್ಲಿ ಗಂಡಸರು ನಕ್ಕಿದ್ದೂ ಇದೇ ಮಾತಿಗೆ. ಅವರು ಬಾಯಿ ಮುಚ್ಚಿಕೊಂಡು ನಕ್ಕಿದ್ದರು, ಅಷ್ಟೇ ವ್ಯತ್ಯಾಸ. ಹತ್ತು ವರ್ಷದ ಮೇಲೆ ಅವರೇ ಪಾಠ ಮಾಡುವಾಗ ಅದನ್ನು "ಮುಕರ್ರಮಳ ಅರ್ಧ" ಎಂದು ಕರೆದರು.

ಏಪ್ರಿಲ್‌ನಲ್ಲಿ ನನಗೆ ಅರವತ್ತೈದು. ಸಂಸ್ಥೆಯಲ್ಲಿ ಸನ್ಮಾನ ಇಟ್ಟುಕೊಂಡಿದ್ದಾರೆ. ನಾನು ಮಾತಾಡಬೇಕು. ಹಳೆಯದನ್ನೇ ಹೇಳಿ ಕೂರಲು ನನಗೆ ಇಷ್ಟವಿಲ್ಲ. ಹೊಸ ಯಂತ್ರದಲ್ಲಿ ನನ್ನ ಮಗಳು ಅಳೆದಳು, ಅರ್ಧ ಅಲ್ಲೇ ಇದೆ ಎಂದು ಹೇಳಬೇಕು. ಗಾಳಿಯ ವಿಷಯ ಸಾಕು.

ನಿನ್ನ ತಾಯಿ
ಮುಕರ್ರಮ್

*

ಓಕ್‌ತೋಗ್ ಬೆಟ್ಟ
ನವೆಂಬರ್ 21

ಪ್ರೀತಿಯ ಅಮ್ಮ,

ನಮ್ಮ ಕಾವಲುಗಾರ ಶೋಮುರೋದ್ ಅಣ್ಣ ಡೀಸೆಲ್ ತರಲು ಪೇಟೆಗೆ ಇಳಿಯುತ್ತಿದ್ದಾರೆ. ಲಾರಿಯ ಎಂಜಿನ್ ಬಿಸಿಯಾಗುವುದರೊಳಗೆ ಇದನ್ನು ಬರೆದು ಮುಗಿಸಬೇಕು. "ಬೇಗ ಬರಿ ತಾಯಿ, ಇದು ಒಂದ್ಸಲ ಆರಿದ್ರೆ ಮತ್ತೆ ಹತ್ಕೊಳ್ಳೋದು ವಸಂತಕ್ಕೇ" ಎಂದು ಕಿಟಕಿಯಾಚೆಯಿಂದ ಕೂಗುತ್ತಿದ್ದಾರೆ. ಈಗ ಮೇಲೆ ಉಳಿದಿರುವವರು ನಾವಿಬ್ಬರೇ ಎನ್ನಬಹುದು. ಲೆನಿನ್‌ಗ್ರಾಡ್‌ನವರು ತಮ್ಮ ಪೆಟ್ಟಿಗೆಗಳನ್ನು ತುಂಬಿಕೊಂಡು ಹೊರಟುಹೋದರು. ಹೋಗುವಾಗ ಚಹಾದ ಕೆಟಲನ್ನೂ ತೆಗೆದುಕೊಂಡು ಹೋದರು.

ದೂರದರ್ಶಕಕ್ಕೆ ಹಾಕಿದ ಹೊಸ ಯಂತ್ರ ಚೆನ್ನಾಗಿದೆ. ನೀವು ಫೋಟೋ ಹಿಡಿಯುತ್ತಿದ್ದ ಗಾಜಿನ ತಟ್ಟೆಗಳ ಕಾಲದಲ್ಲಿ ಒಂದು ನಕ್ಷತ್ರಕ್ಕೆ ಅರ್ಧ ರಾತ್ರಿ ಹೋಗುತ್ತಿತ್ತು. ಇದು ನಾನು ಒಂದು ಲೋಟ ಚಹಾ ಮುಗಿಸುವಷ್ಟರಲ್ಲಿ ಆ ನಕ್ಷತ್ರ ನಮ್ಮತ್ತ ಬರುತ್ತಿದೆಯೋ ದೂರ ಹೋಗುತ್ತಿದೆಯೋ, ಎಷ್ಟು ವೇಗದಲ್ಲಿ, ಎಲ್ಲವನ್ನೂ ಹೇಳಿಬಿಡುತ್ತದೆ. ನಿಮ್ಮ ದಕ್ಷಿಣದ ನಕ್ಷತ್ರಗಳನ್ನು ಹೋದ ವರ್ಷದ ಶರತ್ಕಾಲದಲ್ಲಿ ಒಂದು ಸುತ್ತು ಅಳೆದಿದ್ದೆ. ಈಗ ಎರಡನೆಯ ಸುತ್ತು ನಡೆಯುತ್ತಿದೆ. ಬಹಳಷ್ಟು ನಿಮ್ಮ ಲೆಕ್ಕಕ್ಕೇ ಕೂತಿವೆ. ಅಷ್ಟು ಹಳೆಯ ಸಲಕರಣೆಯಲ್ಲಿ ಇಷ್ಟು ಸರಿಯಾಗಿ ಹೇಗೆ ಅಳೆದಿರಿ ಎಂದು ಆಶ್ಚರ್ಯವಾಗುತ್ತದೆ.

ವೇಗದ ನಕ್ಷತ್ರಗಳನ್ನು ಮಾತ್ರ ಇನ್ನೊಮ್ಮೆ ನೋಡಬೇಕು. ಸ್ವಲ್ಪ ತಾಳಿ.

ಬಿನಫ್ಶಾಗೆ ಶೋಮುರೋದ್ ಅಣ್ಣನ ಹೆಂಡತಿ ಮಾಡಿದ ಉಪ್ಪಿನ ಮೊಸರುಂಡೆ ಕಳಿಸಿದ್ದೇನೆ. ಒಂದೇ ದಿನ ಎಲ್ಲ ತಿನ್ನಲು ಬಿಡಬೇಡಿ. ಎಂಜಿನ್ ಕೂಗುತ್ತಿದೆ, ಅವರೂ ಕೂಗುತ್ತಿದ್ದಾರೆ.

ಆತುರದಲ್ಲಿ,
ಹುಲ್ಕರ್

*

ತಾಷ್ಕೆಂಟ್
ಡಿಸೆಂಬರ್ 6

ಹುಲ್ಕರ್,

ತಾಳಿ ಎನ್ನುವುದು ವೈದ್ಯರು ರೋಗಿಯ ಮನೆಯವರಿಗೆ ಹೇಳುವ ಮಾತು. ನನಗೆ ಯಾಕೆ ಹೇಳುತ್ತಿದ್ದೀಯ?

ವೇಗದವುಗಳನ್ನು ಇನ್ನೊಮ್ಮೆ ನೋಡಬೇಕು ಎಂದು ಒಂದು ಸಾಲು ಬರೆದು ಮೊಸರುಂಡೆಗೆ ಹಾರಿಬಿಟ್ಟೆ. ಆ ವೇಗದವೇ ನನ್ನ ಅರ್ಧ, ಅದು ನಿನಗೂ ಗೊತ್ತು. ನಿಧಾನದವುಗಳನ್ನು ಯಾವ ಹಗುರದ ರೊಟ್ಟಿಯೂ ಹಿಡಿದಿಟ್ಟುಕೊಳ್ಳುತ್ತದೆ. ಅಷ್ಟು ಜೋರಾಗಿ ಮೇಲಕ್ಕೆ ಚಿಮ್ಮಿಯೂ ತಪ್ಪಿಸಿಕೊಂಡು ಹೋಗದ ಆ ಹದಿನಾಲ್ಕು ನಕ್ಷತ್ರಗಳು ಇರುವುದರಿಂದಲ್ಲವೇ, ಹಿಡಿದುಕೊಂಡಿರುವುದು ಬಲು ಭಾರದ್ದು ಎಂದು ನಾನು ಹೇಳಿದ್ದು? ಅವುಗಳಿಗೆ ಏನಾಗಿದೆ?

ನಿದ್ದೆ ಬರುತ್ತಿಲ್ಲ. ಹಗಲಲ್ಲಿ ಕೂತಲ್ಲಿ ಕೂರಲಾಗುತ್ತಿಲ್ಲ. ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ. "ಅಜ್ಜಿ ಪೊಲೀಸ್ ಥರ ಓಡಾಡ್ತಾಳೆ" ಎಂದು ಬಿನಫ್ಶಾ ಪಕ್ಕದ ಮನೆಯಲ್ಲಿ ಹೇಳಿ ಬಂದಿದ್ದಾಳೆ.

ಆ ನಕ್ಷತ್ರಗಳನ್ನು ನಾನು ಹೇಗೆ ಅಳೆದೆ ಎಂದು ಕೇಳಿದ್ದೀಯ. ಕಾಲು ಮುರಿದುಕೊಂಡು. ಹೌದು. ದಕ್ಷಿಣದ ಆ ನಕ್ಷತ್ರಗಳು ನಮ್ಮ ಬೆಟ್ಟಕ್ಕೆ ಕಾಣುವುದು ಶರತ್ಕಾಲದಲ್ಲಿ ಮಾತ್ರ. ಶರತ್ಕಾಲ ಎಂದರೆ ನಮ್ಮಲ್ಲಿ ಹತ್ತಿ. ಸರ್ಕಾರದ ಅಪ್ಪಣೆ, ಪ್ರೊಫೆಸರ್ ಆಗಲಿ, ಪಿಟೀಲು ಬಾರಿಸುವವನಾಗಲಿ, ಹೆಗಲಿಗೆ ಚೀಲ ಕಟ್ಟಿಕೊಂಡು ಹತ್ತಿ ಬಿಡಿಸಲು ಹೊಲಕ್ಕೆ ಇಳಿಯಲೇಬೇಕು. ವರ್ಷಾವರ್ಷ ನನ್ನ ನಕ್ಷತ್ರಗಳು ಮೇಲೆ ಹಾದುಹೋಗುತ್ತಿದ್ದವು, ನಾನು ಕೆಳಗೆ ಬಗ್ಗಿಕೊಂಡು ಹತ್ತಿ ಬಿಡಿಸುತ್ತಿದ್ದೆ. 1967ರಲ್ಲಿ ಗೋಪುರದ ಮೆಟ್ಟಿಲಿಂದ ಜಾರಿ ಬಿದ್ದೆ, ಕಾಲಿಗೆ ಪ್ಲಾಸ್ಟರ್ ಹಾಕಿದರು. ಹೊಲಕ್ಕೆ ಯಾರೂ ಕರೆಯಲಿಲ್ಲ. ಆಗಿನ ಕಾವಲುಗಾರ ನನ್ನನ್ನು ಹಿಟ್ಟಿನ ಮೂಟೆಯ ಹಾಗೆ ಹೊತ್ತು ದೂರದರ್ಶಕದ ಹತ್ತಿರ ಕೂರಿಸುತ್ತಿದ್ದ. ಆ ಒಂದೇ ಶರತ್ಕಾಲದಲ್ಲಿ ಎಲ್ಲವನ್ನೂ ಅಳೆದೆ. ನನ್ನ ಜೀವನದಲ್ಲಿ ಅಂಥ ತಿಂಗಳುಗಳು ಮತ್ತೆ ಬರಲಿಲ್ಲ. ಮುಂದಿನ ವರ್ಷ ಕಾಲು ಸರಿಹೋಯಿತು, ಮತ್ತೆ ಹತ್ತಿ.

ಅಂಕಿಗಳನ್ನು ಕಳಿಸು. ಮಾತು ಬೇಡ, ಅಂಕಿ.

ಮುಕರ್ರಮ್

*

ಓಕ್‌ತೋಗ್
ಡಿಸೆಂಬರ್ 28

ಪ್ರೀತಿಯ ಅಮ್ಮ,

ಈ ಕಾಗದವನ್ನು ನಾಲ್ಕು ಸಲ ಹರಿದೆ. ಹಿಮ ಬಿದ್ದು ದಾರಿ ಮುಚ್ಚಿತ್ತು. ಕಳಿಸಲಾಗದಿದ್ದುದಕ್ಕೆ ಒಳಗೊಳಗೇ ಸಮಾಧಾನವೂ ಆಗಿತ್ತು. ಇವತ್ತು ದಾರಿ ಬಿಟ್ಟಿದೆ.

ಹದಿನಾಲ್ಕು ನಕ್ಷತ್ರಗಳ ವೇಗವನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ನೀವು ಅಳೆದದ್ದು, ನಾನು ಹೋದ ವರ್ಷ ಅಳೆದದ್ದು, ಈ ವರ್ಷ ಅಳೆದದ್ದು. ನೀವೇ ನೋಡಿ. ಐದು ಕೊಟ್ಟ ಮಾತಿಗೆ ನಿಂತಿವೆ. ಒಂಬತ್ತು ನಿಂತಿಲ್ಲ. ಹೋದ ವರ್ಷ ನಮ್ಮತ್ತ ಧಾವಿಸಿ ಬರುತ್ತಿದ್ದದ್ದು ಈ ವರ್ಷ ಹೆಚ್ಚುಕಮ್ಮಿ ಸುಮ್ಮನಿದೆ. ಇನ್ನೊಂದು ಹಿಂದಕ್ಕೆ ಸರಿಯುತ್ತಿದೆ. ಎರಡು ತಿಂಗಳಲ್ಲೇ ಬದಲಾದವೂ ಇವೆ.

ಇದಕ್ಕೆ ಏನರ್ಥ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಆದರೂ ಬರೆಯುತ್ತೇನೆ, ಬರೆಯದಿದ್ದರೆ ಹೇಡಿಯಾದೆ ಅನ್ನಿಸುತ್ತದೆ. ಅವು ಒಂಟಿ ನಕ್ಷತ್ರಗಳಲ್ಲ, ಜೋಡಿಗಳು. ಪಕ್ಕದಲ್ಲಿ ಕಣ್ಣಿಗೆ ಕಾಣದಷ್ಟು ಮಂಕಾದ ಸಂಗಾತಿ ಇದೆ. ಒಂದರ ಸುತ್ತ ಒಂದು ತಿರುಗುತ್ತಿವೆ. ಉಯ್ಯಾಲೆಯಲ್ಲಿ ಕೂತವಳನ್ನು ಒಂದೇ ಸಲ ಕಣ್ಣುಬಿಟ್ಟು ನೋಡಿ ಮುಚ್ಚಿಕೊಂಡರೆ ಓಡಿ ಬರುತ್ತಿದ್ದಾಳೆ ಅನ್ನಿಸುತ್ತದೆ. ನೀವು ಒಂದು ಶರತ್ಕಾಲದಲ್ಲಿ, ಒಂದೊಂದನ್ನು ಒಂದೊಂದೇ ಸಲ ನೋಡಿದಿರಿ. ಆ ವೇಗ ಗ್ಯಾಲಕ್ಸಿಯದ್ದಲ್ಲ, ಅವುಗಳ ಸಂಗಾತಿಯದ್ದು.

ಆದರೆ ಅಮ್ಮ, ತಪ್ಪು ನನ್ನದೇ ಇರಬಹುದು. ಚಳಿಗೆ ಯಂತ್ರದ ಗಾಜು ಕುಗ್ಗುತ್ತದೆ. ಡೀಸೆಲ್ ಕಮ್ಮಿಯಾದಾಗ ವಿದ್ಯುತ್ತು ಏರಿಳಿಯುತ್ತದೆ. ಆ ನಕ್ಷತ್ರಗಳು ದಕ್ಷಿಣದ ಬೆಟ್ಟಸಾಲಿಗೆ ತೀರಾ ಹತ್ತಿರದಲ್ಲಿ, ತಗ್ಗಿನಲ್ಲೇ ಹಾಯುತ್ತವೆ. ಎರಡು ವರ್ಷದ ಅಳತೆ ಸಾಲದು. ಯಾರಿಗೂ ಇನ್ನೂ ಹೇಳಿಲ್ಲ. ನೀವೂ ಹೇಳಬೇಡಿ.

ನೀವು ಕೋಪ ಮಾಡಿಕೊಂಡರೆ ಕೋಪದಲ್ಲೇ ಬರೆಯಿರಿ. ಬರೆಯದೆ ಮಾತ್ರ ಇರಬೇಡಿ.

ಹುಲ್ಕರ್

*

ಓಕ್‌ತೋಗ್
1993ರ ಜನವರಿ 25

ಅಮ್ಮ,

ಲಾರಿ ಎರಡು ಸಲ ಹೋಗಿ ಬಂತು. ನಿಮ್ಮ ಕಾಗದ ಇಲ್ಲ. ಎರಡನೇ ಸಲ ಶೋಮುರೋದ್ ಅಣ್ಣ ಲಾರಿಯಿಂದ ಇಳಿಯುವ ಮೊದಲೇ ಕೈ ಅಲ್ಲಾಡಿಸಿ ಇಲ್ಲ ಎಂದುಬಿಟ್ಟರು. ಸ್ವಲ್ಪ ಹೊತ್ತು ಬಿಟ್ಟು ಬಂದು, "ಅಂಚೆಯವ್ರನ್ನ ಬೈದು ಬಂದಿದೀನಿ ತಾಯಿ, ಬರತ್ತೆ" ಎಂದರು. ಅಂಚೆಯದ್ದೇನೂ ತಪ್ಪಿಲ್ಲ ಎಂದು ಅವರಿಗೂ ಗೊತ್ತು.

ಬಿನಫ್ಶಾ ಹುಷಾರಾಗಿದ್ದಾಳೆಯೇ? ಅದೊಂದನ್ನಾದರೂ ಬರೆಯಿರಿ.

ಹು.

*

ತಾಷ್ಕೆಂಟ್
ಫೆಬ್ರವರಿ 14

ಹುಲ್ಕರ್,

ಬಿನಫ್ಶಾ ಗುಂಡುಕಲ್ಲಿನ ಹಾಗಿದ್ದಾಳೆ. ಮುಂದಿನ ಹಲ್ಲು ಬಿದ್ದಿದೆ.

ನಾನು ಇಷ್ಟು ದಿನ ಸುಮ್ಮನೆ ಕೂತಿರಲಿಲ್ಲ. ನಿನ್ನ ತಪ್ಪು ಹುಡುಕುತ್ತಿದ್ದೆ. ಒಳ್ಳೆಯ ಮನಸ್ಸಿನಿಂದಲ್ಲ, ಕೋಪದಿಂದಲೇ ಹುಡುಕಿದೆ. ಮೊದಲ ವಾರವೆಲ್ಲ ನಿನ್ನ ಮೇಲೆ ಹೊಟ್ಟೆ ಉರಿಯುತ್ತಿತ್ತು. ನನ್ನನ್ನು ಬೀಳಿಸಲೆಂದೇ ಈ ಹುಡುಗಿ ಬೆಟ್ಟ ಹತ್ತಿದ್ದಾಳೆ ಎಂದೆಲ್ಲ ಯೋಚನೆ ಬಂತು. ಬಂದದ್ದನ್ನು ಬಂದಿಲ್ಲ ಎನ್ನಲಾರೆ.

ಗಾಜು ಕುಗ್ಗಿದ್ದರೆ ಎಲ್ಲ ನಕ್ಷತ್ರಗಳೂ ಒಂದೇ ಕಡೆಗೆ ಸರಿಯಬೇಕಿತ್ತು. ಸರಿದಿಲ್ಲ. ವಿದ್ಯುತ್ತಿನ ತೊಂದರೆಯಾಗಿದ್ದರೆ ಆ ಐದೂ ಅಲ್ಲಾಡಬೇಕಿತ್ತು. ಅಲ್ಲಾಡಿಲ್ಲ. ಮೂರು ಜೋಡಿಗಳಿಗೆ ಸುತ್ತು ಎಷ್ಟು ದಿನದ್ದು ಎಂದು ಕೂಡ ನಾನೇ ಲೆಕ್ಕ ಹಾಕಿದೆ. ನನ್ನ 1967ರ ಅಳತೆಗಳು ಆ ಸುತ್ತಿನೊಳಗೆ ಎಷ್ಟು ಚೆನ್ನಾಗಿ ಕೂತವು ಗೊತ್ತೇ! ಒಂದು ಕ್ಷಣ ಖುಷಿಯಾಯಿತು. ಅಳತೆ ಸರಿಯಿತ್ತು. ಅರ್ಥ ತಪ್ಪಾಗಿತ್ತು.

ಒಂಬತ್ತನ್ನು ತೆಗೆದು ಮತ್ತೆ ತೂಗಿದೆ. ಕಾಣುವಷ್ಟೇ ಇದೆ. ನಮ್ಮ ಸುತ್ತಮುತ್ತ ಕಾಣದ ಅರ್ಧ ಇಲ್ಲ. ದೂರದಲ್ಲಿ, ಗ್ಯಾಲಕ್ಸಿಯ ಅಂಚಿನಾಚೆ ಇದೆಯೆಂದು ಬೇರೆಯವರು ಹೇಳುತ್ತಾರೆ. ಅದು ಅವರದು. ನನ್ನದು ಇಲ್ಲ.

ಎರಡು ದಿನ ಅತ್ತೆ. ಈರುಳ್ಳಿ ಹೆಚ್ಚುತ್ತಾ ಅತ್ತದ್ದರಿಂದ ಮಗುವಿಗೆ ಗೊತ್ತಾಗಲಿಲ್ಲ ಎಂದುಕೊಂಡಿದ್ದೆ. ಮೂರನೇ ದಿನ ಅವಳೇ ಬಂದು, "ಇವತ್ತು ಈರುಳ್ಳಿ ಇಲ್ದೇ ಮಾಡು ಅಜ್ಜಿ" ಎಂದಳು. ಅಲ್ಲಿಗೆ ನಿಲ್ಲಿಸಿದೆ.

ಇನ್ನು ನಿನ್ನ ಕೆಲಸ. ಲೇಖನ ಬರೆದು ಕಳಿಸು, ಬೆಟ್ಟ ಇಳಿದು ಬಾ. ಆ ಬೆಟ್ಟದ ಮೇಲೆ ನಿನಗೆ ಈಗ ಏನೂ ಕೆಲಸವಿಲ್ಲ.

ತಾಯಿ

*

ಓಕ್‌ತೋಗ್
ಮಾರ್ಚ್ 2

ಅಮ್ಮ,

ಇಲ್ಲ. ನಾನು ಒಪ್ಪುವುದಿಲ್ಲ.

ನೀವು ಇಷ್ಟು ಬೇಗ ಕೈಚೆಲ್ಲುತ್ತೀರಿ ಎಂದುಕೊಂಡಿರಲಿಲ್ಲ. ಮೂರು ಜೋಡಿಗಳ ಸುತ್ತು ಕೂತಿತು ಎನ್ನುತ್ತೀರಿ. ಉಳಿದ ಆರು? ಅವಕ್ಕೆ ಸುತ್ತು ಸಿಗುವ ತನಕ ಅವು ಜೋಡಿ ಎಂದು ನಾನು ಬರೆಯಲಾರೆ. ಇನ್ನೊಂದು ಶರತ್ಕಾಲ ಬೇಕು. ಆ ನಕ್ಷತ್ರಗಳು ಸೆಪ್ಟೆಂಬರ್‌ಗೆ ಮತ್ತೆ ಬರುತ್ತವೆ. ಅಲ್ಲಿಯ ತನಕ ಯಂತ್ರವನ್ನು ಬಿಚ್ಚಿ ಒಂದೊಂದು ತಿರುಪನ್ನೂ ನೋಡುತ್ತೇನೆ. ಈಗಾಗಲೇ ಬಿಚ್ಚಿದ್ದೇನೆ. ಕೋಣೆಯ ತುಂಬ ಹರಡಿಕೊಂಡಿದೆ. "ಜೋಡಿಸೋಕೆ ಬರತ್ತೆ ತಾನೆ?" ಎಂದು ಶೋಮುರೋದ್ ಅಣ್ಣ ಬಾಗಿಲಲ್ಲೇ ನಿಂತು ಕೇಳಿದರು. ಬರುತ್ತದೆ ಎಂದೆ. ನೋಡೋಣ.

ಸನ್ಮಾನಕ್ಕೆ ಬರಲಾಗುವುದಿಲ್ಲ ಅನ್ನಿಸುತ್ತದೆ. ಅಲ್ಲಿ ನೀವು ಹಳೆಯ ಅಂಕಿಯನ್ನೇ ಹೇಳಿ. ಯಾರೂ ಏನೂ ಅಂದುಕೊಳ್ಳುವುದಿಲ್ಲ. ಅಲ್ಲಗಳೆದವರು ಯಾರೂ ಇಲ್ಲವಲ್ಲ, ನನ್ನನ್ನು ಬಿಟ್ಟು. ನಾನು ಇನ್ನೂ ಅಲ್ಲಗಳೆದಿಲ್ಲ.

ಬಿನಫ್ಶಾಗೆ ಹೇಳಿ, ಬಿದ್ದ ಹಲ್ಲನ್ನು ಎತ್ತಿಟ್ಟಿರಲಿ.

ಹುಲ್ಕರ್

*

ತಾಷ್ಕೆಂಟ್
ಏಪ್ರಿಲ್ 19

ಹುಲ್ಕರ್,

ನಿನ್ನ ತಾಯಿಯ ಸನ್ಮಾನ ಹೇಗಾಯಿತೆಂದು ಹೇಳುತ್ತೇನೆ, ಕೇಳು. ನಗು ಬಂದರೆ ನಕ್ಕುಬಿಡು. ನನಗೆ ಬರಲಿಲ್ಲ.

ಬೆಳಗಿನ ಜಾವವೇ ಅಂಗಳದಲ್ಲಿ ಪಲಾವಿನ ಹಂಡೆ ಏರಿತ್ತು. ಗಜ್ಜರಿಯ ರಾಶಿ, ಕುರಿಯ ಕೊಬ್ಬಿನ ವಾಸನೆ. ನಿರ್ದೇಶಕರು ನನ್ನ ಹೆಗಲ ಮೇಲೆ ಜರಿಯ ಚಪಾನ್ ಹೊದಿಸಿದರು. ಇಬ್ಬರು ಹಿಡಿಸುವಷ್ಟು ದೊಡ್ಡ ನಿಲುವಂಗಿ. ಒಬ್ಬರಾದ ಮೇಲೆ ಒಬ್ಬರು ಎದ್ದು ಹೊಗಳಿದರು. ಒಬ್ಬನಂತೂ ಕಾಣದ ಅರ್ಧವೆಂದರೆ ನಮ್ಮ ಜನದ ಆತ್ಮವೇ ಎಂದ. ಅವನು ಅಳೆಯುವುದು ಭೂಕಂಪ.

ನನ್ನ ಸರದಿ ಬಂತು. ಎದ್ದು ನಿಂತು ಹೇಳಿದೆ. "ಆ ಅರ್ಧ ಇಲ್ಲ. ನಾನು ಜೋಡಿ ನಕ್ಷತ್ರಗಳ ಓಟಾನ ಗ್ಯಾಲಕ್ಸಿಯ ತೂಕ ಅಂತ ಓದಿದೆ. ಒಂದೇ ಶರತ್ಕಾಲದಲ್ಲಿ ಒಂದೊಂದೇ ಸಲ ಅಳೆದೆ. ನನ್ನ ಮಗಳು ಎರಡು ಶರತ್ಕಾಲ ಅಳೆದಳು. ಅವಳ ಲೆಕ್ಕ ಸರಿ, ನಂದು ತಪ್ಪು."

ಆಮೇಲೆ ಏನಾಯಿತು ಹೇಳು? ಚಪ್ಪಾಳೆ! ಎದ್ದು ನಿಂತು ಚಪ್ಪಾಳೆ. "ನೋಡಿ ವಿನಯ ಅಂದ್ರೆ ಇದು! ಇಷ್ಟು ಸಾಧಿಸಿದವರು ಏನೂ ಮಾಡಿಲ್ಲ ಅಂತಾರೆ!" ಎಂದು ನಿರ್ದೇಶಕರು ಕಣ್ಣೊರೆಸಿಕೊಂಡರು. ನಮ್ಮ ಜನ ನಿನಗೆ ಗೊತ್ತಲ್ಲ. ಸನ್ಮಾನದ ದಿನ ನಾನು ಏನೂ ಅಲ್ಲ ಎನ್ನುವುದು ಮರ್ಯಾದೆಯ ಮಾತು, ಎಲ್ಲರೂ ಅನ್ನುತ್ತಾರೆ. ನಾನು ಅದನ್ನು ಸ್ವಲ್ಪ ಚೆನ್ನಾಗಿ ಅಂದೆ ಎಂದುಕೊಂಡರು. "ಅಯ್ಯೋ, ನಿಜವಾಗ್ಲೂ ತಪ್ಪು ಕಣ್ರಯ್ಯಾ!" ಎಂದು ಕೂಗಿದೆ. ಇನ್ನೂ ಜೋರಾಗಿ ಚಪ್ಪಾಳೆ. ಒಬ್ಬ ಬಂದು ಎರಡನೆಯ ಚಪಾನ್ ಹೊದಿಸಿದ. ಎರಡು ನಿಲುವಂಗಿಯೊಳಗೆ ಬೆವರುತ್ತಾ ಕೂತು ಪಲಾವ್ ತಿಂದೆ.

ಆದ್ದರಿಂದ ನೀನು ಬರೆಯಲೇಬೇಕು. ನನ್ನ ಬಾಯಿಂದ ಹೇಳಿದರೆ ನಂಬುವವರಿಲ್ಲ. ಅಚ್ಚಿನಲ್ಲಿ ಬಂದರೆ ನಂಬುತ್ತಾರೆ. ಯಾಕೆ ಬರೆಯುತ್ತಿಲ್ಲ? ಯಂತ್ರದ ತಿರುಪಿನ ಕಥೆ ನನಗೆ ಹೇಳಬೇಡ.

ಇನ್ನೊಂದು ಮಾತು. ಪಕ್ಕದ ಮನೆಯವಳು ಬಿನಫ್ಶಾಳನ್ನು ಕೇಳಿದಳಂತೆ, ಅಮ್ಮ ಯಾವಾಗ ಬರ್ತಾಳೆ ಎಂದು. "ತೂಗೋದು ಮುಗಿದ್ಮೇಲೆ" ಎಂದಳಂತೆ. ಬಹಳ ಹೆಮ್ಮೆಯಿಂದ ಹೇಳಿದಳಂತೆ.

ಮುಕರ್ರಮ್

*

ಓಕ್‌ತೋಗ್
ಮೇ 1

ಅಮ್ಮ,

ಬಿನಫ್ಶಾ ಪಕ್ಕದ ಮನೆಯವಳಿಗೆ ಹೇಳಿದ ಆ ಮಾತನ್ನು ಯಾಕೆ ಬರೆದಿರಿ?

ಅದು ನನ್ನ ಮಾತು. ಸಮರ್ಕಂದದಲ್ಲಿ ದೊಡ್ಡಮ್ಮ ನನಗೆ ಕಲಿಸಿದ ಮಾತು. ಅಪ್ಪ ಬಿಟ್ಟು ಹೋದ ಮೇಲೆ ನೀವು ನನ್ನನ್ನು ಅವರ ಮನೆಯಲ್ಲಿ ಬಿಟ್ಟಿರಿ. ನನಗೆ ಆಗ ನಾಲ್ಕು ವರ್ಷ. ಶಾಲೆಯಲ್ಲಿ ಮಕ್ಕಳು ಕೇಳುತ್ತಿದ್ದರು, "ನಿಮ್ಮಮ್ಮ ಎಲ್ಲೇ?" "ಗ್ಯಾಲಕ್ಸಿ ತೂಗ್ತಿದಾಳೆ" ಎನ್ನುತ್ತಿದ್ದೆ. ಉಳಿದವರ ಅಮ್ಮಂದಿರು ಹತ್ತಿ ತೂಗುತ್ತಿದ್ದರು, ಸಕ್ಕರೆ ತೂಗುತ್ತಿದ್ದರು. ನನ್ನ ಅಮ್ಮ ಗ್ಯಾಲಕ್ಸಿ. ಯಾರೂ ಎದುರಾಡುತ್ತಿರಲಿಲ್ಲ. ಹಬ್ಬಕ್ಕೆ ಬರದಿದ್ದರೆ ಸರಿ, ಜ್ವರ ಬಂದಾಗ ಬರದಿದ್ದರೆ ಸರಿ. ನೀವು ಮಾಡುತ್ತಿದ್ದದ್ದು ಅಷ್ಟು ದೊಡ್ಡದು. ನನಗೆ ಹತ್ತು ವರ್ಷವಾದಾಗ ನೀವು ಮಾಸ್ಕೋದಿಂದ ಬಂದು, ಅರ್ಧ ಸಿಕ್ಕಿತು ಎಂದಿರಿ. ನನಗೆ ಎಷ್ಟು ಖುಷಿಯಾಗಿತ್ತು! ನಾನೂ ಒಂದು ಪಾಲು ಕೊಟ್ಟು ತಂದದ್ದು ಎನ್ನುವ ಹಾಗೆ.

ನಾನು ನಿಮ್ಮನ್ನು ಬೀಳಿಸಲು ಬೆಟ್ಟ ಹತ್ತಿದೆ ಎಂದುಕೊಂಡಿರಲ್ಲ, ಸುಳ್ಳು. ನಾನು ಅದನ್ನು ಉಳಿಸಲು ಬಂದೆ. ಅದು ಇರಲೇಬೇಕು. ಅದು ಇಲ್ಲವಾದರೆ ನೀವು ಅಷ್ಟು ವರ್ಷ ಯಾವುದಕ್ಕಾಗಿ ಇಲ್ಲಿದ್ದಿರಿ? ನಾನು ಯಾವುದಕ್ಕಾಗಿ ಅಲ್ಲಿದ್ದೆ?

ಇನ್ನೊಂದು. ನಿಮ್ಮ ಕಾಲು ಮುರಿದಿತ್ತು ಎನ್ನುವುದೇ ನನಗೆ ಗೊತ್ತಿರಲಿಲ್ಲ, ಹೋದ ಡಿಸೆಂಬರ್‌ನ ಕಾಗದದ ತನಕ. ಕಾಲು ಮುರಿದವರನ್ನು ಮನೆಗೆ ಕಳಿಸುತ್ತಾರೆ ಅಮ್ಮ. ಹೊಲಕ್ಕೂ ಇಲ್ಲ, ಕೆಲಸಕ್ಕೂ ಇಲ್ಲ, ರಜೆ. ಆ ಶರತ್ಕಾಲ ನೀವು ಸಮರ್ಕಂದಕ್ಕೆ ಬರಬಹುದಿತ್ತು. ನನಗೆ ಆಗ ಎಂಟು ವರ್ಷ. ಪ್ಲಾಸ್ಟರಿನ ಮೇಲೆ ಚಿತ್ರ ಬರೆಯುತ್ತಿದ್ದೆ.

ನೀವು ಬರಲಿಲ್ಲ, ಆ ಹದಿನಾಲ್ಕು ನಕ್ಷತ್ರ ಅಳೆದಿರಿ. ಅದರಲ್ಲಿ ಒಂಬತ್ತು ಬರೀ ಉಯ್ಯಾಲೆ ಎಂದು ನಾನೇ ನನ್ನ ಕೈಯಾರೆ ಬರೆಯಬೇಕೇ? ಬರೆಯುವುದಿಲ್ಲ.

ಹುಲ್ಕರ್

*

ತಾಷ್ಕೆಂಟ್
ಮೇ 23

ನನ್ನ ಹುಲ್ಕರ್,

ನಿನ್ನ ಕಾಗದ ಓದಿದೆ. ನಿನಗೆ ಸಮಾಧಾನ ಹೇಳುವ ಮಾತುಗಳು ಬಹಳ ಬಂದವು. ಅರ್ಧ ಇಲ್ಲದಿದ್ದರೂ ವಿಜ್ಞಾನ ಮುಂದೆ ಹೋಯಿತು, ತಪ್ಪಿನಿಂದಲೂ ಉಪಯೋಗವಿದೆ, ಹೀಗೆ. ಸನ್ಮಾನದಲ್ಲಿ ಆಡುವ ಮಾತುಗಳು. ಅವನ್ನು ನಿನಗೆ ಆಡಲಾರೆ.

ನಿಜ ಬರೆಯುತ್ತೇನೆ. ಕಾಲು ಮುರಿದಾಗ ಆಗಿನ ನಿರ್ದೇಶಕರು ನನಗೆ ರಜೆ ಕೊಟ್ಟರು. "ಮಗು ಹತ್ರ ಹೋಗಿ ಬಾ ಮುಕರ್ರಮ್, ಲಾರಿ ಸಮರ್ಕಂದದ ತನಕ ಬಿಡತ್ತೆ" ಎಂದರು. ನಾನು ಬೇಡ ಎಂದೆ. ಅರ್ಧಕ್ಕಾಗಿ ಅಲ್ಲ. ಆಗ ಅರ್ಧ ಎನ್ನುವುದು ಇರಲೇ ಇಲ್ಲ. ಅದು ಬಂದದ್ದು ಎರಡು ವರ್ಷದ ಮೇಲೆ, ಲೆಕ್ಕ ಮಾಡಿದಾಗ. ನನಗೆ ಅಲ್ಲಿ ಇರುವುದು ಇಷ್ಟವಿತ್ತು. ಅಷ್ಟೇ. ಆ ಚಳಿ, ಆ ಸದ್ದಿಲ್ಲದ ಗೋಪುರ, ಬೆಳಗಾಗುವಾಗ ಗಾಜಿನ ತಟ್ಟೆಯನ್ನು ರಾಸಾಯನಿಕದಲ್ಲಿ ಅದ್ದಿ ಗೆರೆ ಮೂಡುವುದನ್ನು ಕಾಯುವುದು. ಬೇರೆಲ್ಲೂ ನಾನು ಅಷ್ಟು ನಾನಾಗಿರಲಿಲ್ಲ. ಏನೂ ಸಿಗುವುದಿಲ್ಲ ಎಂದು ಮೊದಲೇ ಯಾರಾದರೂ ಬರೆದುಕೊಟ್ಟಿದ್ದರೂ ನಾನು ಹೋಗುತ್ತಿದ್ದೆ.

ನಿನ್ನ ಮೇಲೆ ಪ್ರೀತಿ ಇರಲಿಲ್ಲವೇ? ಇತ್ತು. ಎರಡೂ ಇತ್ತು. ನಾನು ಒಂದನ್ನು ಆರಿಸಿದೆ, ಆರಿಸಿದ್ದೇನೆ ಎಂದು ನಿನಗೆ ಹೇಳಲಿಲ್ಲ. ಗ್ಯಾಲಕ್ಸಿಯ ಹೆಸರು ಹೇಳಿದೆವು, ನಾನೂ ನಿನ್ನ ದೊಡ್ಡಮ್ಮನೂ. ಮಗುವಿನ ಬಾಯಿ ಮುಚ್ಚಿಸಲು ಅಷ್ಟು ದೊಡ್ಡದನ್ನು ತಂದು ನಿಲ್ಲಿಸಿದರೆ ಪಾಪ, ಮಗು ಏನು ಮಾಡೀತು?

ಈಗ ನೀನು ಆ ಒಂಬತ್ತು ನಕ್ಷತ್ರಗಳಿಂದ ನಿನ್ನ ಬಾಲ್ಯವನ್ನು ವಾಪಸು ಕೇಳುತ್ತಿದ್ದೀಯ. ಅವುಗಳ ಹತ್ತಿರ ಅದು ಇಲ್ಲ, ಮಗಳೇ. ಅದು ಇರಬೇಕಾದದ್ದು ನನ್ನ ಹತ್ತಿರ. ನನ್ನನ್ನು ಬೈ. ನನಗೆ ಕೇಳುವಷ್ಟು ಶಕ್ತಿ ಇನ್ನೂ ಇದೆ.

ಈಗ ನೀನು ಹೇಳು. ಲೆಕ್ಕ ಡಿಸೆಂಬರ್‌ನಲ್ಲೇ ಮುಗಿದಿದೆ. ನೀನು ಇನ್ನೂ ಮೇಲೇ ಇದ್ದೀಯ. ಅರ್ಧವನ್ನು ಉಳಿಸಲು ಎನ್ನುತ್ತೀಯ. ನಿಜವಾಗಿಯೂ ಅದಕ್ಕೇನಾ?

ಅಮ್ಮ

*

ಓಕ್‌ತೋಗ್
ಜೂನ್ 12

ಬಿನಫ್ಶಾ,

ಈ ಕಾಗದ ನಿನಗೆ. ಅಜ್ಜಿ ಓದಿ ಹೇಳುತ್ತಾಳೆ. ಮಧ್ಯದಲ್ಲಿ ಅವಳು ನಿಲ್ಲಿಸಿದರೆ ಮುಂದೆ ಓದು ಎಂದು ಗದರಿಸು.

ತೂಗುವುದು ಮುಗಿಯಿತು. ಗ್ಯಾಲಕ್ಸಿ ಅಜ್ಜಿ ಹೇಳಿದ್ದಕ್ಕಿಂತ ಹಗುರ ಇದೆ. ಕಾಣುವಷ್ಟೇ ಇದೆ. ಅದನ್ನೆಲ್ಲ ಬರೆದು ದೊಡ್ಡ ಲಕೋಟೆಯಲ್ಲಿ ಹಾಕಿ ಶೋಮುರೋದ್ ಮಾಮನ ಕೈಗೆ ಕೊಟ್ಟಿದ್ದೇನೆ. ಮೊದಲು ಅಜ್ಜಿಯ ಹೆಸರು, ಆಮೇಲೆ ನನ್ನ ಹೆಸರು. "ಯಾರದು ತಪ್ಪೋ ಅವ್ರ ಹೆಸ್ರು ಮೊದ್ಲಾ?" ಎಂದು ಮಾಮ ಕೇಳಿದರು. ಹೌದು ಎಂದೆ. ಆ ಒಂಬತ್ತು ಜೋಡಿಗಳನ್ನು ಮೊದಲು ಅಳೆದವಳು ಅಜ್ಜಿಯೇ, ಸರಿಯಾಗಿಯೇ ಅಳೆದಳು.

ತೂಗುವುದು ಮುಗಿದ ಮೇಲೆ ಅಮ್ಮ ಬರುತ್ತಾಳೆ ಎಂದು ನೀನು ಪಕ್ಕದ ಮನೆಯವರಿಗೆ ಹೇಳಿದೆಯಂತೆ. ಅದು ಸರಿಯಲ್ಲ ಬಿನಫ್ಶಾ. ಮುಗಿದು ಬಹಳ ದಿನವಾಯಿತು, ಆಗಿನ್ನೂ ಹಿಮ ಬೀಳುತ್ತಿತ್ತು. ನನಗೆ ಗೊತ್ತಿತ್ತು. ಆದರೂ ನಾನು ಬರಲಿಲ್ಲ.

ಯಾಕೆ ಅಂದರೆ, ನನಗೆ ಇಲ್ಲಿ ಇರುವುದು ಇಷ್ಟ. ಯಾರೂ ನನ್ನನ್ನು ಇರು ಎಂದಿಲ್ಲ, ನಕ್ಷತ್ರಗಳೂ ಕರೆದಿಲ್ಲ. ಯಂತ್ರ ಬಿಚ್ಚುವುದು, ಜೋಡಿಸುವುದು, ಬೆಳಗ್ಗೆ ಎಲ್ಲ ಮುಗಿಸಿ ಹೊರಗೆ ಬಂದಾಗ ಬೆಟ್ಟವೆಲ್ಲ ನೀಲಿಯಾಗಿರುವುದು, ಎಲ್ಲ ಇಷ್ಟ. ನೀನೂ ಇಷ್ಟ. ಮುಂಚೆ ಒಬ್ಬರ ಮೇಲೆ ಪ್ರೀತಿ ಇದ್ದರೆ ಅವರನ್ನು ಬಿಟ್ಟಿರಲು ದೊಡ್ಡ ಕಾರಣ ಬೇಕು ಎಂದುಕೊಂಡಿದ್ದೆ. ಕಾರಣ ಇಲ್ಲದೆಯೂ ಬಿಟ್ಟಿದ್ದೆ. ಇದನ್ನು ಆರು ವರ್ಷದವಳಿಗೆ ಹೇಳಬಾರದೇನೋ, ಆದರೆ ನಿನಗೆ ಸುಳ್ಳು ಹೇಳಿದರೆ ನೀನು ಅದನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತೀಯ. ಅದನ್ನು ನೋಡಲು ನನ್ನಿಂದಾಗುವುದಿಲ್ಲ.

ಲಾರಿ ಶುಕ್ರವಾರ ಇಳಿಯುತ್ತದೆ. ನಾನೂ ಅದರಲ್ಲಿ ಬರುತ್ತೇನೆ. ನೀನು ಮಾತಾಡಿಸದಿದ್ದರೆ ನಾನು ಕಾಯುತ್ತೇನೆ, ನನಗೇನೂ ಆತುರವಿಲ್ಲ. ಆತುರ ಇದೆ, ಆದರೂ ಕಾಯುತ್ತೇನೆ.

ಸೆಪ್ಟೆಂಬರ್ ಬಂದಾಗ ನನಗೆ ಮತ್ತೆ ಇಲ್ಲಿಗೆ ಬರಬೇಕು ಅನ್ನಿಸುತ್ತದೆ. ಅನ್ನಿಸೇ ಅನ್ನಿಸುತ್ತದೆ, ಈಗಲೇ ಹೇಳಿಬಿಡುತ್ತೇನೆ. ಆಗ ತೂಗಲು ಹೋಗುತ್ತೇನೆ ಎನ್ನುವುದಿಲ್ಲ. ನಿನ್ನ ಮುಂದೆ ಕೂತು, "ನಂಗೆ ಹೋಗೋಕೆ ಇಷ್ಟ, ಹೋಗ್ಲಾ?" ಎಂದು ಕೇಳುತ್ತೇನೆ. ನೀನು ಬೇಡ ಎನ್ನಬಹುದು. ಎನ್ನುವುದಾದರೆ ಗಟ್ಟಿಯಾಗಿ ಅನ್ನು. ನಾನು ಚಿಕ್ಕವಳಿದ್ದಾಗ ಒಂದು ಸಲವೂ ಅನ್ನಲಿಲ್ಲ.

ನಿನ್ನ ಅಮ್ಮ
ಹುಲ್ಕರ್